ಅನುರಾಗಕ್ಕೆ ಅಂಗಚೇಷ್ಟೆ ಸಾಕ್ಷಿಯೇ?

ಒಲವು ಹೃದಯದಲ್ಲಿ ಅಂಕುರಿಸಿದ ಮೇಲೆ ಅದು ಕಣ್ಣಿನಲ್ಲಿ, ಕದಪಿನಲ್ಲಿ, ನಡೆಯಲ್ಲಿ, ನುಡಿಯ ತೊದಲಿನಲ್ಲಿ ಹೊರಬೀಳದೆ ಇರಲಾರದೆಂದೂ, ನೋಡಬಲ್ಲವನಿಗೆ ಆ ಚಿಹ್ನೆಗಳು ಬಾಯ್ಮಾತಿಗಿಂತ ಹೆಚ್ಚಿನ ಪ್ರಮಾಣವೆಂದೂ ನಂಬುವ ಪದ್ಧತಿ ನಮ್ಮಲ್ಲಿ ಇಂದು ನಿನ್ನೆಯದಲ್ಲ. ಪ್ರೇಮಕ್ಕೆ ಮಾತಿನ ಹಂಗಿಲ್ಲವೆಂದು ಕವಿಗಳು ಹಾಡಿದರು. ಕಣ್ಣು ಕಣ್ಣು ಕಲೆತರೆ ಸಾಕೆಂದು ಚಲನಚಿತ್ರಗಳು ಸಾರಿದವು. ಈಗಲಂತೂ ಅಂಗೈಯಗಲದ ಮೊಬೈಲಿನ ಪರದೆಯ ಮೇಲೆ, ಆಕೆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರೆ ಇಂತಹ ಅರ್ಥ, ಆತನ ಪಾದದ ತುದಿ ನಿಮ್ಮ ಕಡೆಗೆ ತಿರುಗಿದ್ದರೆ ಇಂತಹ ಅರ್ಥ ಎಂದು ಪಟ್ಟಿಮಾಡಿ ಬೋಧಿಸುವ ಉಪದೇಶಕರು ಲೆಕ್ಕವಿಲ್ಲದಷ್ಟು ಮಂದಿ ಹುಟ್ಟಿಕೊಂಡಿದ್ದಾರೆ. ಹಾವೇರಿ ಸೀಮೆಯ ಹಂಸಭಾವಿಯಂತಹ ಊರಿನಲ್ಲಿ ಕಾಲೇಜಿಗೆ ಹೋಗಲೆಂದು ಬಸ್ಸಿಗೆ ಕಾದು ನಿಂತ ತರುಣನಿಗೂ ಬೆಂಗಳೂರಿನ ಕಚೇರಿಯಲ್ಲಿ ಕುಳಿತ ಉದ್ಯೋಗಿಗೂ ಈ ಬೋಧನೆ ಒಂದೇ ಸಮನಾಗಿ ತಲುಪುತ್ತಿದೆ.

ಈ ನಂಬಿಕೆ ನಿಜವೇ, ನಿಜವಾದರೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ವಿಚಾರಿಸುವುದು ಬರಿಯ ಕುತೂಹಲದ ಕಾರ್ಯವಲ್ಲ. ಒಂದು ಮುಗುಳ್ನಗೆಯನ್ನು ತಪ್ಪಾಗಿ ಓದಿಕೊಂಡು ವರ್ಷಗಟ್ಟಲೆ ವ್ಯಥೆಪಟ್ಟವರುಂಟು. ತಗ್ಗಿಸಿದ ತಲೆಯನ್ನು ಒಪ್ಪಿಗೆಯೆಂದು ಗ್ರಹಿಸಿ ಮದುವೆಯನ್ನೇ ನಿಶ್ಚಯಿಸಿಬಿಟ್ಟ ಮನೆಗಳುಂಟು. ಸೌಜನ್ಯಕ್ಕಾಗಿ ಆಡಿದ ಎರಡು ಮಾತುಗಳನ್ನು ಆಹ್ವಾನವೆಂದು ಭ್ರಮಿಸಿ ಒಬ್ಬ ಹೆಣ್ಣುಮಗಳ ಬೆನ್ನುಹತ್ತಿ ಅವಳ ಓದನ್ನೂ ನೆಮ್ಮದಿಯನ್ನೂ ಕೆಡಿಸಿದವರೂ ಉಂಟು. ಈ ವಿಚಾರಕ್ಕೆ ಬೇಕಾದ ಸಾಮಗ್ರಿಯನ್ನು ದೂರದಿಂದ ತರಬೇಕಾದುದೂ ಇಲ್ಲ. ಹಂಸಭಾವಿಯ ಸುತ್ತಣ ಸೀಮೆಯೇ ಒಲವನ್ನು ಓದಿ ಎಡವಿದವರ ಕಥೆಗೂ, ಒಲವನ್ನು ಸರಿಯಾಗಿ ಅರಿತವರ ಕಥೆಗೂ ನೆಲೆಯಾಗಿದೆ. ಆ ಕಥೆಗಳನ್ನೂ, ನಮ್ಮ ಪ್ರಾಚೀನ ಲಾಕ್ಷಣಿಕರ ವಿವೇಚನೆಯನ್ನೂ, 1960ರಿಂದ ಈಚೆಗೆ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗಗಳನ್ನೂ ಒಟ್ಟಿಗೆ ಇರಿಸಿ ನೋಡಿದರೆ, ಪ್ರಶ್ನೆಗೆ ಸಾಕಷ್ಟು ಖಚಿತವಾದ ಉತ್ತರ ದೊರೆಯುವುದು.

ಮೊದಲು ನಾಟ್ಯಶಾಸ್ತ್ರದ ಕರ್ತೃವಾದ ಭರತಮುನಿಯಿಂದ ಪ್ರಾರಂಭಿಸೋಣ. ಮನಸ್ಸಿನ ವಿಕಾರಗಳು ಶರೀರದ ಮೇಲೆ ಹೇಗೆ ಮೂಡುವುವೆಂಬುದನ್ನು ಆತನಷ್ಟು ಸೂಕ್ಷ್ಮವಾಗಿ ವಿಂಗಡಿಸಿದವರು ಜಗತ್ತಿನಲ್ಲಿ ವಿರಳ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂದು ಎಂಟು ಸಾತ್ತ್ವಿಕ ಭಾವಗಳನ್ನು ಆತನು ಎಣಿಸಿದನು: ಮೈ ಮರಗಟ್ಟುವುದು, ಬೆವರುವುದು, ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಮುಖದ ಬಣ್ಣ ತಿರುಗುವುದು, ಕಣ್ಣೀರು ಬರುವುದು, ಎಚ್ಚರ ತಪ್ಪುವುದು. ಇವನ್ನು ಬೇಕೆಂದಾಗ ಬರಿಸುವುದು ಕಷ್ಟ, ಬಂದಾಗ ತಡೆಯುವುದೂ ಕಷ್ಟ. ಆದಕಾರಣವೇ ಇವು ಅಂತರಂಗದ ನಿಜವಾದ ಕುರುಹುಗಳೆಂದು ತೋರುವುದು ಸಹಜ. ಆದರೆ ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯವನ್ನು ತಾಳ್ಮೆಯಿಂದ ಓದಿದವರಿಗೆ ಮತ್ತೊಂದು ಸಂಗತಿ ಕಾಣುವುದು. ಬೆವರು ಬರಲು ಕಾರಣವೇನೆಂದು ಹೇಳುವಾಗ ಭರತನು ಕ್ರೋಧ, ಭಯ, ಹರ್ಷ, ಲಜ್ಜೆ, ದುಃಖ, ಶ್ರಮ, ರೋಗ, ತಾಪ ಮೊದಲಾದ ಅನೇಕ ಕಾರಣಗಳನ್ನು ಸಾಲಾಗಿ ಕೊಡುತ್ತಾನೆ. ರೋಮಾಂಚಕ್ಕೆ ಸ್ಪರ್ಶ, ಹರ್ಷಗಳೊಡನೆ ಭಯ, ಶೀತ, ಕ್ರೋಧ, ರೋಗಗಳನ್ನೂ ಸೇರಿಸುತ್ತಾನೆ. ಎಂದರೆ ಒಂದು ಚಿಹ್ನೆಗೆ ಒಂದೇ ಕಾರಣವೆಂಬ ನಿಯಮವನ್ನು ಆ ಶಾಸ್ತ್ರಕಾರನೇ ಒಪ್ಪಲಿಲ್ಲ.

ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ವ್ಯಾಪ್ತಿಯೇ ಇಲ್ಲ. ಹೊಗೆ ಇದ್ದೆಡೆಯಲ್ಲೆಲ್ಲ ಬೆಂಕಿ ಇರುವುದರಿಂದ ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸಬಹುದು. ಆದರೆ ಕಂಪನವಿದ್ದೆಡೆಯಲ್ಲೆಲ್ಲ ಅನುರಾಗವಿಲ್ಲ, ಭಯವೂ ಇರಬಹುದು, ಚಳಿಜ್ವರವೂ ಇರಬಹುದು. ಇಂತಹ ಹೇತುವನ್ನು ನೈಯಾಯಿಕರು ವ್ಯಭಿಚಾರಿ ಹೇತುವೆಂದು ತಳ್ಳಿಬಿಡುವರು. ಹಾಗಾದರೆ ರಂಗದ ಮೇಲೆ ನಾಯಿಕೆ ನಡುಗಿದೊಡನೆ ಸಹೃದಯನಿಗೆ ಅದು ಶೃಂಗಾರವೆಂದು ತಿಳಿಯುವುದು ಹೇಗೆ? ಅಲ್ಲಿ ಆತನ ಮುಂದೆ ವಿಭಾವವಿದೆ. ನಾಯಕನು ಯಾರು, ಋತು ಯಾವುದು, ಹಿಂದೆ ನಡೆದುದೇನು, ಸಖಿಯೊಡನೆ ಆಕೆ ಹೇಳಿಕೊಂಡುದೇನು ಎಂಬುದೆಲ್ಲವೂ ಅವನಿಗೆ ಮೊದಲೇ ಗೊತ್ತಿದೆ. ವಿಭಾವ, ಅನುಭಾವ, ಬಂದುಹೋಗುವ ವ್ಯಭಿಚಾರಿ ಭಾವ ಇವುಗಳ ಸಂಯೋಗದಿಂದಲ್ಲದೆ ರಸನಿಷ್ಪತ್ತಿಯಿಲ್ಲವೆಂಬ ಮಾತಿನ ತಾತ್ಪರ್ಯ ಇದೇ. ಬದುಕಿನಲ್ಲಿ ನಾವು ಕಾಣುವುದು ಅನುಭಾವವೊಂದನ್ನೇ, ಎಂದರೆ ಹೊರಗೆ ತೋರುವ ಚೇಷ್ಟೆಯನ್ನೇ. ಮಿಕ್ಕವು ಎದುರಿಗಿರುವವರ ಮನಸ್ಸಿನ ತೆರೆಯ ಹಿಂದೆಯೇ ಉಳಿದಿರುವುವು. ನಾಟಕದ ಪ್ರೇಕ್ಷಕನಿಗೆ ಇರುವ ಅನುಕೂಲವನ್ನು ತಮಗೂ ಇದೆಯೆಂದು ಭಾವಿಸುವುದರಲ್ಲಿಯೇ ಪ್ರಣಯಿಗಳ ಮೊದಲನೆಯ ಪ್ರಮಾದ ಅಡಗಿದೆ.

ಅಷ್ಟೇ ಅಲ್ಲ, ಭಾವವನ್ನು ಮುಚ್ಚಿಡುವುದೂ ಒಂದು ಭಾವವೆಂದು ಭರತನು ಗುರುತಿಸಿದನು. ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ಅವಹಿತ್ಥವೂ ಒಂದು. ಲಜ್ಜೆ, ಭಯ, ಗೌರವ ಮೊದಲಾದುವುಗಳಿಂದ ಆಕಾರವನ್ನು ಮರೆಮಾಡುವುದೇ ಅದರ ಲಕ್ಷಣ. ಕುಮಾರಸಂಭವದ ಆರನೆಯ ಸರ್ಗದಲ್ಲಿ ಅಂಗಿರಸ ಋಷಿಯು ಹಿಮವಂತನ ಬಳಿ ಮದುವೆಯ ಪ್ರಸ್ತಾಪವನ್ನು ತಂದಾಗ, ತಂದೆಯ ಪಕ್ಕದಲ್ಲಿದ್ದ ಪಾರ್ವತಿಯು ಏನೂ ಕೇಳಿಸದವಳಂತೆ ಕೈಯಲ್ಲಿದ್ದ ಕಮಲದ ಎಸಳುಗಳನ್ನು ಎಣಿಸುತ್ತ ನಿಂತಳೆಂದು ಕಾಳಿದಾಸನು ವರ್ಣಿಸಿದ್ದಾನೆ. ಹಿಂದಿನ ಸರ್ಗದಲ್ಲಿ ಆಕೆಯ ಘೋರ ತಪಸ್ಸನ್ನು ಓದಿಬಂದ ನಮಗೆ ಆ ಎಸಳೆಣಿಕೆಯಲ್ಲಿ ಅಗಾಧವಾದ ಹರ್ಷವು ಗೋಚರಿಸುವುದು. ಆ ಪೂರ್ವಕಥೆಯನ್ನು ಅರಿಯದ ಅತಿಥಿಯೊಬ್ಬನು ಅಲ್ಲಿ ಬಂದು ನಿಂತಿದ್ದರೆ, ಈ ಹುಡುಗಿಗೆ ಮದುವೆಯ ಮಾತಿನಲ್ಲಿ ಆಸಕ್ತಿಯೇ ಇಲ್ಲವೆಂದು ಹೊರಟುಹೋಗುತ್ತಿದ್ದನು.

ಇನ್ನು ಹಂಸಭಾವಿಯ ಸುತ್ತಣ ಸೀಮೆಯ ಕಥೆಗಳಿಗೆ ಬಂದು, ಹಾನಗಲ್ಲಿನ ಕಡೆಗೆ ತಿರುಗೋಣ. ಪ್ರಾಚೀನ ಶಾಸನಗಳಲ್ಲಿ ಪಾನುಂಗಲ್ಲೆಂಬ ಹೆಸರಿನೊಡನೆ ವಿರಾಟನ ಕೋಟೆ, ವಿರಾಟನಗರಿ ಎಂಬ ಹೆಸರುಗಳನ್ನೂ ಪಡೆದ ಈ ಪಟ್ಟಣವು, ಹಾನಗಲ್ಲಿನ ಕದಂಬರ ರಾಜಧಾನಿಯಾಗಿ ತಾರಕೇಶ್ವರ ದೇವಾಲಯದಂತಹ ಶಿಲ್ಪವೈಭವಕ್ಕೆ ಹೆಸರಾದುದು. ಇಲ್ಲಿ ವಿರಾಟೇಶ್ವರನ ಗುಡಿಯೂ ಉಂಟು. ಇತಿಹಾಸಜ್ಞರು ಮತ್ಸ್ಯದೇಶವನ್ನು ರಾಜಸ್ಥಾನದಲ್ಲಿ ಗುರುತಿಸುವರಾದರೂ, ಪಾಂಡವರು ಅಜ್ಞಾತವಾಸವನ್ನು ಕಳೆದ ವಿರಾಟನ ಪಟ್ಟಣ ಇದೇ ಎಂಬ ವಿಶ್ವಾಸ ಈ ಸೀಮೆಯ ಜನರಲ್ಲಿ ಪರಂಪರೆಯಿಂದ ಬಂದಿದೆ. ಹಾಗೆ ನೋಡಿದರೆ ಕೀಚಕನ ಕಥೆ ನಡೆದುದು ಈ ನೆಲದಲ್ಲಿಯೇ. ಕುಮಾರವ್ಯಾಸನ ವಿರಾಟಪರ್ವದಿಂದಲೂ ಬಯಲಾಟಗಳಿಂದಲೂ ನಮ್ಮವರಿಗೆ ಚಿರಪರಿಚಿತವಾದ ಆ ಕಥೆಯನ್ನು ಸಾಮಾನ್ಯವಾಗಿ ಕಾಮಾಂಧತೆಯ ದೃಷ್ಟಾಂತವೆಂದು ಹೇಳುವರು. ಅದು ಓದುವಿಕೆಯ ದೋಷಕ್ಕೂ ದೃಷ್ಟಾಂತವೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಸೈರಂಧ್ರಿಯೆಂಬ ಹೆಸರಿನಲ್ಲಿ ಮರೆಯಾಗಿದ್ದ ದ್ರೌಪದಿಯು, ತನ್ನನ್ನು ಬಯಸಿದ ಕೀಚಕನಿಗೆ ತನ್ನ ಮನಸ್ಸನ್ನು ಇಂಗಿತದಿಂದ ತಿಳಿಸಲಿಲ್ಲ, ಸ್ಪಷ್ಟವಾದ ಮಾತಿನಿಂದಲೇ ತಿಳಿಸಿದಳು: ತಾನು ಪರಸ್ತ್ರೀಯೆಂದೂ, ಗಂಧರ್ವರು ತನ್ನ ಪತಿಗಳೆಂದೂ, ಈ ಹಂಬಲವು ಅವನಿಗೆ ಮೃತ್ಯುವಾಗುವುದೆಂದೂ ಎಚ್ಚರಿಸಿದಳು. ಕೀಚಕನು ಆ ಮಾತನ್ನು ಪ್ರಮಾಣವಾಗಿ ಸ್ವೀಕರಿಸಲಿಲ್ಲ. ಆಕೆಯ ರೂಪವನ್ನೂ ಚಲನೆಯನ್ನೂ ತನ್ನ ಬಯಕೆಯ ಬೆಳಕಿನಲ್ಲಿಯೇ ಕಂಡನು. ಕಡೆಗೆ ಭೀಮನೊಡನೆ ಆಲೋಚಿಸಿದ ಮೇಲೆ ದ್ರೌಪದಿಯು ಸಮ್ಮತಿಯನ್ನು ನಟಿಸಿ ರಾತ್ರಿ ನೃತ್ಯಶಾಲೆಗೆ ಬರಹೇಳಿದಾಗ, ಆ ನಟನೆಯನ್ನು ಆತನು ಸತ್ಯವೆಂದು ನಂಬಿ, ಕತ್ತಲೆಯಲ್ಲಿ ಭೀಮನನ್ನೇ ಸೈರಂಧ್ರಿಯೆಂದು ತಿಳಿದು ಪ್ರಾಣವನ್ನು ಕಳೆದುಕೊಂಡನು. ಮಾತು ನಿಜವಾಗಿದ್ದಾಗ ನಂಬದೆ, ಭಾವವು ಕೃತಕವಾಗಿದ್ದಾಗ ನಂಬಿದುದು ಅವನ ದುರಂತ. ಬಲವುಳ್ಳವನ ಎದುರಿಗೆ ದುರ್ಬಲಸ್ಥಾನದಲ್ಲಿ ನಿಂತವರ ನಗೆಯು ಎಷ್ಟೋ ಸಲ ರಕ್ಷಣೋಪಾಯವಾಗಿರುವುದೆಂಬ ಕಠಿಣಸತ್ಯವೂ ಆ ಕಥೆಯಲ್ಲಿದೆ. ಯಜಮಾನನಿಗೆ ನಗುವ ಕೆಲಸದಾಕೆ, ಗಿರಾಕಿಗೆ ನಗುವ ಅಂಗಡಿಯ ಹುಡುಗಿ, ಮೇಲಧಿಕಾರಿಗೆ ನಗುವ ಗುಮಾಸ್ತೆ, ಇವರ ನಗೆಯು ಉದ್ಯೋಗಧರ್ಮದ ಅಂಗ. ಅದರಲ್ಲಿ ಅನುರಾಗವನ್ನು ಅರಸುವುದು ಅನ್ಯಾಯ.

ಈ ದೋಷವು ಕೀಚಕನೊಬ್ಬನದೇ ಅಲ್ಲವೆಂಬುದನ್ನು ಆಧುನಿಕ ಪ್ರಯೋಗಗಳು ತೋರಿಸಿಕೊಟ್ಟಿವೆ. 1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಆಂಟೋನಿಯಾ ಆಬಿ ಎಂಬವರು ಒಬ್ಬ ತರುಣನನ್ನೂ ಒಬ್ಬ ತರುಣಿಯನ್ನೂ ಐದು ನಿಮಿಷ ಮಾತನಾಡಲು ಬಿಟ್ಟು, ಅದನ್ನು ಮರೆಯಿಂದ ಮತ್ತೊಬ್ಬ ತರುಣನೂ ತರುಣಿಯೂ ನೋಡುವಂತೆ ಏರ್ಪಡಿಸಿದರು. ಅದೇ ಸಂಭಾಷಣೆಯಲ್ಲಿ ಹೆಂಗಸರು ಸ್ನೇಹಪರತೆಯನ್ನು ಕಂಡೆಡೆಯಲ್ಲಿ, ಮಾತನಾಡಿದ ಗಂಡಸೂ ನೋಡುತ್ತಿದ್ದ ಗಂಡಸೂ ಆಕರ್ಷಣೆಯ ಪ್ರಯತ್ನವನ್ನು ಹೆಚ್ಚಾಗಿ ಕಂಡರು. ಇದಕ್ಕೆ ಕಾರಣವನ್ನು ಊಹಿಸುತ್ತ 2000ದಲ್ಲಿ ಮಾರ್ಟಿ ಹ್ಯಾಸಲ್ಟನ್ ಮತ್ತು ಡೇವಿಡ್ ಬಸ್ ಎಂಬವರು, ಸಿಕ್ಕಬಹುದಾದ ಸಂಗಾತಿಯನ್ನು ಕಳೆದುಕೊಳ್ಳುವ ಭಯವು ಪುರುಷನ ಮನಸ್ಸನ್ನು ಇಲ್ಲದ ಒಲವನ್ನೂ ಕಾಣುವಂತೆ ವಾಲಿಸಿದೆಯೆಂಬ ಸಿದ್ಧಾಂತವನ್ನು ಮುಂದಿಟ್ಟರು. ಕಾಳಿದಾಸನು ಇದನ್ನು ಬಲ್ಲವನಾಗಿದ್ದನು. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನು, ಆಶ್ರಮಕನ್ಯೆಯ ನೋಟವನ್ನೂ ಮಂದಗಮನವನ್ನೂ ಸಖಿಯ ಮೇಲಿನ ಹುಸಿಮುನಿಸನ್ನೂ ತನಗಾಗಿಯೇ ನಡೆದುವೆಂದು ತಾನು ಎಣಿಸಿಕೊಂಡುದನ್ನು ನೆನೆದು, ಕಾಮಿಯಾದವನು ಎಲ್ಲವನ್ನೂ ತನ್ನದೆಂದೇ ಕಾಣುವನಲ್ಲಾ ಎಂದು ತನ್ನನ್ನು ತಾನೇ ತಿದ್ದಿಕೊಳ್ಳುತ್ತಾನೆ. ಆತನ ಊಹೆ ಆ ಸಂದರ್ಭದಲ್ಲಿ ನಿಜವೇ ಆಗಿತ್ತು. ಆದರೂ ಅದು ಊಹೆಯೆಂಬ ಎಚ್ಚರವನ್ನು ಬಿಡದಿದ್ದುದು ಅವನ ಸಂಸ್ಕಾರ.

ಇಲ್ಲದುದನ್ನು ಕಾಣುವುದು ಒಂದು ಬಗೆಯ ತಪ್ಪಾದರೆ, ಇರುವುದನ್ನು ಕಾಣದಿರುವುದು ಇನ್ನೊಂದು ಬಗೆಯದು. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಸ್ಪರ ಅಪರಿಚಿತರಾದ 52 ಜೋಡಿಗಳನ್ನು ಹತ್ತು ಹನ್ನೆರಡು ನಿಮಿಷ ಮಾತನಾಡಲು ಬಿಟ್ಟು, ತರುವಾಯ ಪ್ರತ್ಯೇಕವಾಗಿ ಎರಡು ಪ್ರಶ್ನೆಗಳನ್ನು ಕೇಳಲಾಯಿತು: ನೀವು ಪ್ರಣಯಚೇಷ್ಟೆಯನ್ನು ತೋರಿದಿರಾ, ಎದುರಿಗಿದ್ದವರು ತೋರಿದರಾ? ಎದುರಿನವರು ಅಂತಹ ಆಸಕ್ತಿಯನ್ನು ತೋರದಿದ್ದಾಗ ಅದನ್ನು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಸರಿಯಾಗಿಯೇ ಗುರುತಿಸಿದರು. ಆದರೆ ತೋರಿದ್ದಾಗ ಅದನ್ನು ಗುರುತಿಸಿದವರು ಗಂಡಸರಲ್ಲಿ ನೂರಕ್ಕೆ 36 ಮಂದಿ, ಹೆಂಗಸರಲ್ಲಿ ನೂರಕ್ಕೆ 18 ಮಂದಿ ಮಾತ್ರ. ಹೊರಗೆ ಕುಳಿತು ನೋಡಿದವರಾದರೂ ಚೆನ್ನಾಗಿ ತಿಳಿದಾರೆಂದರೆ ಅದೂ ಇಲ್ಲ. 2009ರಲ್ಲಿ ಸ್ಕೈಲರ್ ಪ್ಲೇಸ್, ಪೀಟರ್ ಟಾಡ್ ಮೊದಲಾದವರು, ಜರ್ಮನಿಯಲ್ಲಿ ಸಂಗಾತಿಯನ್ನು ಅರಸುತ್ತ ಸೇರಿದ್ದ ಯುವಕ ಯುವತಿಯರ ಭೇಟಿಗಳ ಸಣ್ಣ ಸಣ್ಣ ಚಿತ್ರಣಗಳನ್ನು ಅಮೆರಿಕದ ವಿದ್ಯಾರ್ಥಿಗಳಿಗೆ ತೋರಿಸಿ, ಇವರಲ್ಲಿ ಯಾರಿಗೆ ಯಾರ ಮೇಲೆ ಮನಸ್ಸಾಗಿದೆಯೆಂದು ಕೇಳಿದರು. ಗಂಡಸರ ಆಸಕ್ತಿಯನ್ನು ಪ್ರೇಕ್ಷಕರು ಅಷ್ಟಿಷ್ಟು ಸರಿಯಾಗಿ ಊಹಿಸಿದರು. ಹೆಂಗಸರ ಆಸಕ್ತಿಯನ್ನು ಊಹಿಸುವುದರಲ್ಲಿ ಬಹಳ ಹಿಂದೆ ಬಿದ್ದರು. ಕೆಲವು ತರುಣಿಯರ ವಿಷಯದಲ್ಲಿ ಬಹುಪಾಲು ಪ್ರೇಕ್ಷಕರ ತೀರ್ಪು ತಲೆಕೆಳಗಾಗಿತ್ತು. ಆ ತರುಣಿಯರು ನಗುತ್ತಿದ್ದರು, ಹರಟುತ್ತಿದ್ದರು, ಆದರೆ ಮನಸ್ಸು ಕೊಟ್ಟಿರಲಿಲ್ಲ.

ಹಾಗಾದರೆ ಶರೀರವು ಏನನ್ನೂ ಹೇಳುವುದಿಲ್ಲವೇ? ಹಾಗೆನ್ನುವುದೂ ಅತಿಯಾದೀತು. 1985ರಲ್ಲಿ ಮೋನಿಕಾ ಮೂರ್ ಎಂಬ ವಿದುಷಿ, ಜನ ಸೇರುವ ಸ್ಥಳಗಳಲ್ಲಿ ಹೆಂಗಸರ ಚರ್ಯೆಗಳನ್ನು ದೀರ್ಘಕಾಲ ಅವಲೋಕಿಸಿ, ಓರೆನೋಟ, ಮುಗುಳ್ನಗೆ, ಕೂದಲನ್ನು ನೇವರಿಸುವುದು ಮೊದಲಾಗಿ 52 ಸಂಜ್ಞೆಗಳನ್ನು ಪಟ್ಟಿಮಾಡಿದಳು; ಇಂತಹ ಸಂಜ್ಞೆಗಳನ್ನು ಹೆಚ್ಚಾಗಿ ತೋರಿದವರ ಬಳಿಗೆ ಗಂಡಸರು ಹೆಚ್ಚಾಗಿ ಮಾತನಾಡಿಸಲು ಬಂದರೆಂಬುದನ್ನೂ ಕಂಡಳು. ಆದರೆ ಹತ್ತಿರ ಬಂದು ಮಾತನಾಡಿಸಲು ಅಭ್ಯಂತರವಿಲ್ಲವೆಂಬ ಸೂಚನೆಗೂ ಪ್ರೀತಿಗೂ ಬಹಳ ಅಂತರವಿದೆ. 2018ರಲ್ಲಿ ಮ್ಯಾಥ್ಯೂ ಮೊಂಟೋಯಾ ಮತ್ತು ಸಹೋದ್ಯೋಗಿಗಳು ಈ ವಿಷಯದ ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದಾಗ, ಕಣ್ಣಿನಲ್ಲಿ ಕಣ್ಣಿಟ್ಟು ನೋಡುವುದು, ನಗುವುದು, ತಾನಾಗಿ ಮಾತಿಗೆ ಮೊದಲು ಮಾಡುವುದು, ಹತ್ತಿರ ಇರಲು ಬಯಸುವುದು, ತಲೆದೂಗುವುದು, ಎದುರಿನವರ ಭಂಗಿಯನ್ನು ತಿಳಿಯದೆಯೇ ಅನುಕರಿಸುವುದು ಇವಿಷ್ಟು ಮೆಚ್ಚುಗೆಯೊಡನೆ ಸಂಬಂಧ ಹೊಂದಿರುವುದು ತಿಳಿಯಿತು. ಕೂದಲನ್ನು ಹಿಂದಕ್ಕೆ ಸರಿಸುವುದು, ಹುಬ್ಬೇರಿಸುವುದು, ತಲೆಯನ್ನು ಒಂದು ಕಡೆಗೆ ವಾಲಿಸುವುದು, ಕೈಯಾಡಿಸುತ್ತ ಮಾತನಾಡುವುದು ಮುಂತಾದ, ಉಪದೇಶಕರಿಗೆ ಬಹುಪ್ರಿಯವಾದ ಚಿಹ್ನೆಗಳಿಗೆ ಅಂತಹ ಸಂಬಂಧ ಕಾಣಲಿಲ್ಲ. ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದುಂಟು: ಮೊದಲು ಹೇಳಿದ ಚಿಹ್ನೆಗಳು ಗೆಳೆಯರ ನಡುವೆಯೂ ಪ್ರೇಮಿಗಳ ನಡುವೆಯೂ ಸಮಾನವಾಗಿ ತೋರುವುವು. ಅವು ವಿಶ್ವಾಸವನ್ನೂ ಹಿತವನ್ನೂ ತಿಳಿಸುವುವೇ ಹೊರತು ಪ್ರಣಯವನ್ನೇ ಪ್ರತ್ಯೇಕವಾಗಿ ತಿಳಿಸುವುದಿಲ್ಲ.

ಇನ್ನೂ ಆಳಕ್ಕೆ ಇಳಿದು, ನಟಿಸಲಾಗದ ಶಾರೀರಿಕ ವ್ಯಾಪಾರಗಳನ್ನೇ ಹಿಡಿದರೆ ಹೇಗೆಂದು ಕೇಳಬಹುದು. ಕಣ್ಣಿನ ಪಾಪೆ ಇಷ್ಟವಾದುದನ್ನು ಕಂಡಾಗ ಅರಳುವುದೆಂದು 1960ರಲ್ಲಿ ಎಕಾರ್ಡ್ ಹೆಸ್ ಮತ್ತು ಜೇಮ್ಸ್ ಪೋಲ್ಟ್ ಹೇಳಿದರು. ನಾಲ್ಕು ವರ್ಷಗಳ ಬಳಿಕ ಅವರೇ, ಮನಸ್ಸಿನಲ್ಲಿ ಕಠಿಣವಾದ ಗುಣಾಕಾರವನ್ನು ಮಾಡುವಾಗಲೂ ಪಾಪೆ ಅರಳುವುದೆಂದು ತೋರಿಸಿದರು. ಮಬ್ಬುಬೆಳಕಿನಲ್ಲಿ ಅರಳುವುದಂತೂ ಎಲ್ಲರೂ ಬಲ್ಲ ಸಂಗತಿ. 2022ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದವರು ಅಪರಿಚಿತ ಜೋಡಿಗಳ ಮೊದಲ ಭೇಟಿಗಳನ್ನು ಯಂತ್ರಗಳ ಸಹಾಯದಿಂದ ಅಳೆದು ನೋಡಿದಾಗ, ಪರಸ್ಪರ ಆಕರ್ಷಣೆಯನ್ನು ಸೂಚಿಸಿದುದು ನಗೆಯಾಗಲಿ ನೋಟವಾಗಲಿ ಅಲ್ಲ. ಇಬ್ಬರ ಹೃದಯಬಡಿತವೂ ಚರ್ಮದ ಸೂಕ್ಷ್ಮವಾದ ತೇವವೂ ಜೊತೆಜೊತೆಯಾಗಿ ಏರಿಳಿದುದು. ಆದರೆ ಅವನ್ನು ಬರಿಗಣ್ಣಿನಿಂದ ಕಾಣುವವರು ಯಾರು? ಕಣ್ಣಿಗೆ ಕಾಣುವ ಚಿಹ್ನೆಗಳು ಅನಿಶ್ಚಿತ. ನಿಶ್ಚಿತಕ್ಕೆ ತುಸು ಸಮೀಪವಾದವು ಕಣ್ಣಿಗೆ ಕಾಣವು.

ಪರರ ಶರೀರವನ್ನು ಓದುವುದಿರಲಿ, ತನ್ನ ಶರೀರವನ್ನೇ ಮನುಷ್ಯನು ತಪ್ಪಾಗಿ ಓದುವುದುಂಟು. ಕೆನಡಾ ದೇಶದ ಕ್ಯಾಪಿಲಾನೊ ನದಿಯ ಕಮರಿಯ ಮೇಲೆ, ಸುಮಾರು 230 ಅಡಿ ಎತ್ತರದಲ್ಲಿ, ನಡೆದರೆ ತೂಗಾಡುವ ಒಂದು ತೂಗುಸೇತುವೆ ಇದೆ. ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬವರು 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಸೇತುವೆಯ ಮೇಲೆ ಬಂದ ಗಂಡಸರನ್ನೂ, ಹತ್ತಿರದಲ್ಲಿ ತಗ್ಗಾಗಿ ಭದ್ರವಾಗಿದ್ದ ಇನ್ನೊಂದು ಸೇತುವೆಯ ಮೇಲೆ ಬಂದ ಗಂಡಸರನ್ನೂ ಒಬ್ಬ ತರುಣಿ ಮಾತನಾಡಿಸಿ, ಬೇಕಾದರೆ ಕರೆಮಾಡಿರೆಂದು ತನ್ನ ದೂರವಾಣಿ ಸಂಖ್ಯೆಯನ್ನು ಕೊಟ್ಟಳು. ತೂಗುಸೇತುವೆಯ ಮೇಲೆ ಸಂಖ್ಯೆಯನ್ನು ಪಡೆದ 18 ಮಂದಿಯಲ್ಲಿ 9 ಮಂದಿ ಕರೆಮಾಡಿದರು. ಭದ್ರವಾದ ಸೇತುವೆಯ 16 ಮಂದಿಯಲ್ಲಿ ಇಬ್ಬರು ಮಾತ್ರ. ಎದೆ ಬಡಿದುಕೊಂಡುದು ಕಮರಿಯ ಭಯದಿಂದ. ಅದನ್ನು ಅವರು ತರುಣಿಯ ಆಕರ್ಷಣೆಯೆಂದು ಎಣಿಸಿದರೆಂಬುದು ಪ್ರಯೋಗಕರ್ತರ ವ್ಯಾಖ್ಯಾನ. ಕಂಪನಕ್ಕೆ ಕಾರಣಗಳು ಹಲವೆಂದು ಭರತನು ಬರೆದಿಟ್ಟುದಕ್ಕೆ ಇದಕ್ಕಿಂತ ಒಳ್ಳೆಯ ಟೀಕೆ ದೊರೆಯುವುದು ಕಷ್ಟ.

ಅಂಗಚೇಷ್ಟೆಯ ಬೋಧಕರು ಪದೇ ಪದೇ ಉದ್ಧರಿಸುವ ಅಂಕಿಯೊಂದರ ವಿಷಯದಲ್ಲಿಯೂ ಓದುಗರು ಎಚ್ಚರವಾಗಿರತಕ್ಕದ್ದು. ಎದುರಿನವರ ಮನಸ್ಸಿನ ಬಗೆಗೆ ನಾವು ತಳೆಯುವ ಅಭಿಪ್ರಾಯದಲ್ಲಿ ಮಾತಿನ ಪಾಲು ನೂರಕ್ಕೆ 7, ದನಿಯ ಪಾಲು 38, ಮುಖಭಾವದ ಪಾಲು 55 ಎಂಬುದೇ ಆ ಅಂಕಿ. ಆಲ್ಬರ್ಟ್ ಮೆಹ್ರಾಬಿಯನ್ ಎಂಬವರು 1967ರಲ್ಲಿ ಪ್ರಕಟಿಸಿದ ಎರಡು ಸಣ್ಣ ಪ್ರಯೋಗಗಳಿಂದ ಅದು ಹುಟ್ಟಿತು. ಅಲ್ಲಿ ಬಳಸಿದುದು ಬಿಡಿಬಿಡಿಯಾದ ಪದಗಳನ್ನು. ಕೇಳಿದುದು, ಪದವೂ ದನಿಯೂ ಮುಖವೂ ಒಂದಕ್ಕೊಂದು ಹೊಂದದಿದ್ದಾಗ ಇಷ್ಟಾನಿಷ್ಟಗಳನ್ನು ಹೇಗೆ ಊಹಿಸುವಿರೆಂಬುದನ್ನು. ಅದನ್ನು ಸಕಲ ಸಂಭಾಷಣೆಗೂ ಅನ್ವಯಿಸಕೂಡದೆಂದು ಮೆಹ್ರಾಬಿಯನ್ನರೇ ಹೇಳಿದ್ದಾರೆ. ಮಾತಿಗೆ ನೂರಕ್ಕೆ ಏಳರ ಬೆಲೆಯೆಂದು ನಂಬಿದ ಸಮಾಜದಲ್ಲಿ, ಬೇಡವೆಂದು ಹೇಳಿದವಳ ಮಾತಿಗೂ ಅಷ್ಟೇ ಬೆಲೆ ದೊರೆಯುವುದೆಂಬುದನ್ನು ನೆನೆದರೆ ಈ ತಪ್ಪು ಅಂಕಿಯ ಅಪಾಯ ಮನವರಿಕೆಯಾಗುವುದು.

ಮೇಲೆ ಹೇಳಿದ ಪ್ರಯೋಗಗಳೆಲ್ಲ ಪಶ್ಚಿಮದೇಶಗಳವು; ನಮ್ಮ ನಡೆವಳಿಕೆಯ ಕಟ್ಟಳೆಗಳು ಬೇರೆ. ಅವರಲ್ಲಿ ಕಣ್ಣಿಟ್ಟು ನೋಡುವುದು ಮೆಚ್ಚುಗೆಯ ಲಕ್ಷಣವಾದರೆ, ವಾತ್ಸ್ಯಾಯನನು ತನ್ನ ಕಾಮಸೂತ್ರದ ಮೂರನೆಯ ಅಧಿಕರಣದಲ್ಲಿ ಕನ್ಯೆಯ ಇಂಗಿತಗಳನ್ನು ಹೇಳುವಾಗ, ಆತನನ್ನು ಎದುರೆದುರಾಗಿ ನೋಡದಿರುವುದನ್ನೇ ಒಲವಿನ ಲಕ್ಷಣವೆಂದನು. ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಹುಡುಗಿಯರನ್ನು ಬೆಳೆಸುವಾಗ, ಪರಪುರುಷರ ಮುಂದೆ ಕಣ್ಣೆತ್ತಬಾರದು, ಗಟ್ಟಿಯಾಗಿ ನಗಬಾರದು, ಹಿರಿಯರ ಎದುರು ಮಾತು ಬೆಳೆಸಬಾರದು ಎಂದು ಕಲಿಸುವರು. ಕನ್ಯಾ ನೋಡಲು ಗಂಡಿನ ಕಡೆಯವರು ಬಂದ ದಿನ ಹುಡುಗಿಯು ಚಹಾದ ತಟ್ಟೆಯನ್ನು ಹಿಡಿದು ಬಂದು, ಹಿರಿಯರ ಕಾಲಿಗೆ ನಮಸ್ಕರಿಸಿ, ಜಮಖಾನೆಯ ಮೇಲೆ ತಲೆ ತಗ್ಗಿಸಿ ಕುಳಿತು, ಕೇಳಿದ ಹೆಸರನ್ನೂ ಓದಿದ ಇಯತ್ತೆಯನ್ನೂ ಮೆಲುದನಿಯಲ್ಲಿ ಹೇಳುವಳು. ಅವರು ಹೊರಟುಹೋದ ಮೇಲೆ ಮನೆಯ ಹಿರಿಯಳೊಬ್ಬಳು, "ಹುಡುಗಿ ನಾಚಿಕೊಂಡ್ಳು ನೋಡ್ರಿ, ಆಕಿ ಮನಸ್ಸಿಗೆ ಬಂದೈತಿ" ಎಂದು ತೀರ್ಪು ಕೊಟ್ಟುಬಿಡುವಳು. ಆ ತಲೆ ತಗ್ಗಿದುದು ಒಲವಿನಿಂದಲೋ, ಭಯದಿಂದಲೋ, ಕಲಿಸಿದ ಮರ್ಯಾದೆಯಿಂದಲೋ, ಇನ್ನೂ ಓದಬೇಕೆಂಬ ಆಸೆಗೆ ಭಂಗ ಬಂತೆಂಬ ದುಃಖದಿಂದಲೋ ಎಂಬುದನ್ನು ಯಾರೂ ಕೇಳರು. ಮೌನವು ಸಮ್ಮತಿಯ ಲಕ್ಷಣವೆಂಬ ಸಂಸ್ಕೃತದ ಸೂಕ್ತಿಯೊಂದು ಎಲ್ಲರ ನಾಲಗೆಯ ಮೇಲಿದೆ. ಮಾತನಾಡುವ ಸ್ವಾತಂತ್ರ್ಯ ಇದ್ದವರ ಮೌನಕ್ಕೆ ಮಾತ್ರ ಅದು ಸಲ್ಲುವುದು. ಬಾಯಿ ತೆರೆಯಬಾರದೆಂದು ಕಲಿಸಿ, ಬಾಯಿ ತೆರೆಯಲಿಲ್ಲವಾದುದರಿಂದ ಒಪ್ಪಿದಳೆಂದು ಹೇಳುವುದು ನ್ಯಾಯವಲ್ಲ. ಹುಡುಗನ ಪಾಡೂ ಕೆಲವು ವೇಳೆ ಇದಕ್ಕಿಂತ ಬೇರೆಯಲ್ಲ. ತಂದೆಯ ಮಾತಿಗೆ ಎದುರಾಡಲಾರದೆ ಗೋಣು ಹಾಕಿದವನ ಗೋಣಿಗೂ ಇದೇ ಅರ್ಥವನ್ನು ಹಚ್ಚುವರು.

ಇದೇ ಸೀಮೆಯ ಕನಕದಾಸರ ಕಾವ್ಯವಸ್ತುಗಳು ಇಲ್ಲಿ ನಮಗೆ ದಾರಿ ತೋರುವುವು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿ, ಕಾಗಿನೆಲೆಯ ಆದಿಕೇಶವನನ್ನು ಆರಾಧಿಸಿದ ಆ ಸಂತಕವಿಯು ನಳಚರಿತ್ರೆಯನ್ನು ಭಾಮಿನೀಷಟ್ಪದಿಯಲ್ಲಿಯೂ ಮೋಹನತರಂಗಿಣಿಯನ್ನು ಸಾಂಗತ್ಯದಲ್ಲಿಯೂ ರಚಿಸಿದನು. ನಳದಮಯಂತಿಯರ ಒಲವು ನೋಟದಿಂದ ಹುಟ್ಟಿದುದಲ್ಲ. ಹಂಸವು ಹೊತ್ತು ತಂದ ಮಾತಿನಿಂದ ಹುಟ್ಟಿದುದು. ಸ್ವಯಂವರಮಂಟಪದಲ್ಲಿ ಇಂದ್ರ, ಅಗ್ನಿ, ಯಮ, ವರುಣರು ನಳನ ರೂಪವನ್ನೇ ತಾಳಿ ಕುಳಿತಾಗ ದಮಯಂತಿಯ ಕಣ್ಣಿಗೆ ಐವರೂ ಒಂದೇ ಆದರು. ಮಹಾಭಾರತದ ಮೂಲಕಥೆಯಲ್ಲಿ ಆಕೆ ತನ್ನ ಸತ್ಯವನ್ನು ಮುಂದಿಟ್ಟು ಬಾಯಿಬಿಟ್ಟು ಪ್ರಾರ್ಥಿಸಿದ ಮೇಲೆ ದೇವತೆಗಳು ತಮ್ಮ ಲಕ್ಷಣಗಳನ್ನು ತೋರಿದರು: ಎವೆಯಿಕ್ಕದ ಕಣ್ಣು, ಬೆವರದ ಮೈ, ಬಾಡದ ಹಾರ, ನೆಲವನ್ನು ಸೋಂಕದ ಪಾದ. ಆ ಕುರುಹುಗಳಿಂದ ದೇವರಾರು ಮನುಷ್ಯನಾರು ಎಂಬುದು ತಿಳಿಯಿತೇ ಹೊರತು, ಯಾರ ಹೃದಯದಲ್ಲಿ ಎಷ್ಟು ಪ್ರೇಮವಿದೆಯೆಂಬುದು ತಿಳಿಯಲಿಲ್ಲ; ಅದು ಆಕೆಗೆ ಮಾತಿನಿಂದ ಮೊದಲೇ ತಿಳಿದಿದ್ದಿತು.

ಮೋಹನತರಂಗಿಣಿಯಲ್ಲಿ ಬರುವ ಉಷಾ ಅನಿರುದ್ಧರ ಕಥೆಯ ಭಾಗವತರೂಪವು ಇನ್ನೂ ಸೂಕ್ಷ್ಮವಾದುದು. ಕನಸಿನಲ್ಲಿ ಕಂಡವನು ಯಾರೆಂದು ಅರಿಯದೆ ಕಂಗೆಟ್ಟ ಉಷೆಗೆ ಸಖಿ ಚಿತ್ರಲೇಖೆಯು ದೇವ, ಗಂಧರ್ವ, ಮನುಷ್ಯರ ರೂಪಗಳನ್ನು ಒಂದೊಂದಾಗಿ ಬರೆದು ತೋರಿಸುವಳು. ಪ್ರದ್ಯುಮ್ನನ ಚಿತ್ರವನ್ನು ಕಂಡಾಗ ಉಷೆ ನಾಚಿದಳು. ಆತನ ಮಗನಾದ ಅನಿರುದ್ಧನ ಚಿತ್ರವನ್ನು ಕಂಡಾಗಲೂ ನಾಚಿ ತಲೆ ತಗ್ಗಿಸಿದಳು. ನಾಚಿಕೆಯೊಂದನ್ನೇ ಪ್ರಮಾಣವೆಂದು ಹಿಡಿದು ಚಿತ್ರಲೇಖೆ ಅವಸರಪಟ್ಟಿದ್ದರೆ ದ್ವಾರಕೆಯಿಂದ ತಂದೆಯನ್ನೇ ಹೊತ್ತು ತರುತ್ತಿದ್ದಳು. ಈತನೇ ಆತನೆಂದು ಉಷೆಯ ಬಾಯಿಂದ ಮಾತು ಹೊರಟ ಮೇಲೆಯೇ ಆ ಜಾಣೆ ಕಾರ್ಯಕ್ಕೆ ಹೊರಟಳು.

ಇಷ್ಟನ್ನೆಲ್ಲ ತೂಗಿ ನೋಡಿದ ಮೇಲೆ ತೀರ್ಪು ಸ್ಪಷ್ಟವಾಗಿದೆ. ಶರೀರವು ಮನಸ್ಸು ಕಲಕಿದೆಯೆಂಬುದನ್ನು ಹೇಳಬಲ್ಲುದು, ಏಕೆ ಕಲಕಿದೆ, ಯಾರಿಗಾಗಿ ಕಲಕಿದೆ ಎಂಬುದನ್ನು ಹೇಳಲಾರದು. ಯಾವುದೊಂದು ಚಿಹ್ನೆಯೂ ಒಂಟಿಯಾಗಿ ಅನುರಾಗಕ್ಕೆ ಸಾಕ್ಷಿಯಾಗದು. ಹಲವು ಚಿಹ್ನೆಗಳು ಹಲವು ದಿನ ಒಟ್ಟಾಗಿ ಕಂಡು, ಆ ವ್ಯಕ್ತಿ ಇತರರೊಡನೆ ಹೇಗಿರುವರೆಂಬುದರ ಜೊತೆಗೆ ಹೋಲಿಸಿ ನೋಡಿದಾಗ, ಮಾತನಾಡಿ ಕೇಳಬಹುದೆಂಬಷ್ಟು ಮಟ್ಟಿನ ಸೂಚನೆ ಮಾತ್ರ ದೊರೆಯುವುದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ನಮ್ಮ ಗಾದೆಗೆ ಇಲ್ಲಿರುವಷ್ಟು ಸಾರ್ಥಕ್ಯ ಬೇರೆಲ್ಲಿಯೂ ಇಲ್ಲ. ಇನ್ನು ಎದುರಿನವರು ಮುಖ ತಿರುಗಿಸಿದರೆ, ಉತ್ತರವನ್ನು ಒಂದೆರಡು ಪದಗಳಲ್ಲಿ ಮುಗಿಸಿದರೆ, ದೂರ ಸರಿದರೆ, ಅದನ್ನು ಬೇರೆ ಬಗೆಯಾಗಿ ಅರ್ಥಮಾಡಬೇಕಾದುದಿಲ್ಲ. ಹಿಂದೆ ಸರಿಯುವುದೇ ಸಭ್ಯತೆ. ನಾಚಿಕೆಯೆಂದು ಊಹಿಸಿ ಕಾದವರಿಗಿಂತ, ಬೇಡವೆಂದು ತಿಳಿದು ದೂರವಾದವರಿಂದ ಲೋಕಕ್ಕೆ ಆಗುವ ಹಾನಿ ಬಹಳ ಕಡಿಮೆ. ಕಾನೂನು ಸಹ ಇದನ್ನೇ ಹೇಳುತ್ತದೆ: ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸಿ ಸಂಪರ್ಕಿಸುವುದು 2013ರ ತಿದ್ದುಪಡಿಯಿಂದ ದಂಡನೀಯ ಅಪರಾಧವಾಯಿತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಅದನ್ನು ಹಾಗೆಯೇ ಉಳಿಸಿಕೊಂಡಿದೆ.

ಆದುದರಿಂದ ತರುಣ ತರುಣಿಯರಲ್ಲಿ ನನ್ನ ವಿನಂತಿ ಇಷ್ಟೇ: ಒಲವು ನಿಜವಾಗಿದ್ದರೆ ಅದನ್ನು ಸರಳವಾದ, ಗೌರವದಿಂದ ಕೂಡಿದ ಮಾತಿನಲ್ಲಿ ಒಮ್ಮೆ ಕೇಳಿರಿ, ಬಂದ ಉತ್ತರವನ್ನು, ಅದು ಬೇಡವೆಂಬುದಾದರೂ, ಕೊನೆಯ ಮಾತೆಂದು ಸ್ವೀಕರಿಸಿರಿ. ಹಿರಿಯರಲ್ಲಿ ವಿನಂತಿ ಇನ್ನೂ ದೊಡ್ಡದು: ನಿಮ್ಮ ಮಗಳು ತಲೆ ಎತ್ತಿ, ಒಪ್ಪಿಗೆಯನ್ನಾಗಲಿ ನಿರಾಕರಣೆಯನ್ನಾಗಲಿ, ಭಯವಿಲ್ಲದೆ ಬಾಯಿಬಿಟ್ಟು ಹೇಳಬಲ್ಲಂತಹ ಮನೆಯನ್ನು ಅವಳಿಗೆ ಕಟ್ಟಿಕೊಡಿರಿ. ಹೇಳುವ ಸ್ವಾತಂತ್ರ್ಯವಿರುವ ಮನೆಯಲ್ಲಿ ಮುಖಭಾವವನ್ನು ಊಹಿಸುವ ಅಗತ್ಯವೇ ಬೀಳದು.